ಬಾಲವಿಲ್ಲದ ಬೆಕ್ಕಿನ ಫೋಟೋ

ಹಲ್ಲಿನ ಡಾಕ್ಟರ ಬಾಗಿಲ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ಕುಳಿತಿದ್ದರು. ಅತ್ತೆ ಮೊಬೈಲ್ ತೋರಿಸಿದರು.

"ಆನ್‌ಲೈನ್ ಗ್ಯಾಲರಿಯವರು ನನ್ನ ಫೋಟೋ ಬೇಡ ಅಂದ್ರು ಕಣೇ. 'ಬೆಕ್ಕಿನ ಬಾಲ ಬಿಟ್ಟುಹೋಗಿದೆ, ಒಂದು ಹೆಜ್ಜೆ ಹಿಂದೆ ನಿಲ್ಲಿ' ಅಂತ ಯಾವನೋ ತೀರ್ಪುಗಾರ ಬರೆದಿದ್ದಾನೆ."

"ಬರೆದಿದ್ದು ನಾನೇ ಅತ್ತೆ."

"ತೀರ್ಪುಗಾರರಿಗೆ ಹೆಸರು ಮುಚ್ಚಿ ಫೋಟೋ ಕೊಡ್ತಾರೆ ಅಂತ ನೀನೇ ಅಂದಿದ್ದೆಯಲ್ಲ?"

"ಹೆಸರು ಮುಚ್ತಾರೆ, ನಮ್ಮ ಬೆಕ್ಕನ್ನ ಮುಚ್ತಾರಾ? ಅದಕ್ಕೇ ನಾನು ಅಂಕ ಹಾಕಲಿಲ್ಲ, ಸಲಹೆ ಮಾತ್ರ ಬರೆದೆ. ಬೇಡ ಅಂದಿದ್ದು ಉಳಿದಿಬ್ಬರು ತೀರ್ಪುಗಾರರು."

ಅತ್ತೆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಹಿಂದೆ ಹೋಗೋಕೆ ಜಾಗ ಎಲ್ಲಿತ್ತು? ನಿನ್ನ ಬಟ್ಟೆ ಬುಟ್ಟಿ ಅಡ್ಡ ಇತ್ತು."

"ಹಾಗಾದ್ರೆ ಅರ್ಧ ತಪ್ಪು ನಂದು."

"ಪೂರ್ತಿ ನಿಂದೇ."

ಒಳಗಿನಿಂದ ಕರೆದರು. ಅತ್ತೆ ಊದಿದ ಕೆನ್ನೆ ಹಿಡಿದುಕೊಂಡು ಎದ್ದರು.

"ಬುಟ್ಟಿ ಎತ್ತಿಡು, ಮತ್ತೆ ಕಳಿಸ್ತೀನಿ. ಈ ಸಲವೂ ನೀನು ಅಂಕ ಹಾಕಬೇಡ. ಗೆದ್ದರೆ ನಾನೇ ಗೆದ್ದ ಹಾಗಿರಲಿ."

ಸೊಸೆ ನಗುತ್ತ ಅವರ ಚೀಲ ಎತ್ತಿಕೊಂಡು ಹಿಂದೆಯೇ ಒಳಗೆ ಹೋದಳು.