ಹನ್ನೆರಡು ಮೊಳ

ಹೊಳೆಯ ಕೆಸರು, ಆಗತಾನೆ ಕತ್ತರಿಸಿದ ಹುಲ್ಲು, ನೆನೆದ ಗೋಣಿಚೀಲ. ಈ ಮೂರೂ ಬೆರೆತ ವಾಸನೆಯೊಂದು ಅರವತ್ತೈದು ವರ್ಷಗಳಿಂದ ನನ್ನ ಮೂಗಿನಲ್ಲಿ ಉಳಿದಿದೆ. ಚಿಕ್ಕವಳಿದ್ದಾಗ ಅಪ್ಪನ ಕೈಹಿಡಿದು ಹೊಳೆದಂಡೆಯ ಉದ್ಯಾನಕ್ಕೆ ಹೋಗುತ್ತಿದ್ದೆ. ಮಳೆ ಬಂದರೆ ವಾದ್ಯಮಂಟಪದೊಳಗೆ ನಿಲ್ಲುತ್ತಿದ್ದೆವು. ಆಗ ಉತ್ತರದ ಕಂಬದ ಹಿಂದಿನಿಂದ ಆ ವಾಸನೆ ತೇಲಿ ಬರುತ್ತಿತ್ತು. "ಯಾರೋ ಮಾಲಿ ನಿಂತಿರಬೇಕು" ಎನ್ನುತ್ತಿದ್ದರು ಅಪ್ಪ. ನಾನು ಇಣುಕಿದಾಗಲೆಲ್ಲ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ಅದೇ ಮಂಟಪದಲ್ಲಿ ನಾವು ನಾಲ್ವರು ಮಳೆಗೆ ಸಿಕ್ಕಿಬಿದ್ದಿದ್ದೆವು. ನಗರಸಭೆಯಲ್ಲಿ ಇಂಜಿನಿಯರಾಗಿರುವ ನನ್ನ ಮೊಮ್ಮಗಳು ಪುಟ್ಟಿ. ಅವಳಿಗೆ ಊಟದ ಡಬ್ಬಿ ತಂದಿದ್ದ ನಾನು. ಎದುರು ರಸ್ತೆಯ ಅಂಗಡಿಯಿಂದ ಅಗೆತದ ತಮಾಷೆ ನೋಡಲು ಬಂದಿದ್ದ ದರ್ಜಿ, ಕೊರಳಲ್ಲಿ ಟೇಪು ಹಾಗೆಯೇ ನೇತಾಡುತ್ತಿತ್ತು. ಮತ್ತೆ, ಈ ಉದ್ಯಾನದಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ದೊಡ್ಡ ಮಾಲಿ.

ಪುಟ್ಟಿಯ ಮುಖ ಬಾಡಿತ್ತು. ಮರುದಿನ ಹತ್ತು ಗಂಟೆಗೆ ಅವಳು ವರದಿ ಕೊಡಬೇಕಿತ್ತು. ಉದ್ಯಾನಕ್ಕೆ ನೂರು ವರ್ಷ ತುಂಬಿದೆ ಎಂದು ಸಾಬೀತಾದರೆ ಅದು ಪಾರಂಪರಿಕ ಪಟ್ಟಿಗೆ ಸೇರುತ್ತದೆ, ಯಾರೂ ಮುಟ್ಟುವಂತಿಲ್ಲ. ಇಲ್ಲದಿದ್ದರೆ ಹೊಳೆಬದಿಯ ಮರಗಳನ್ನೆಲ್ಲ ಕಡಿದು ವಾಹನ ನಿಲ್ದಾಣ ಕಟ್ಟುತ್ತಾರೆ. ಹಳೆಯ ಕಡತಗಳು ಎಂದೋ ಪ್ರವಾಹದಲ್ಲಿ ಹೋಗಿದ್ದವು. ಉಳಿದಿದ್ದು ಮಾಲಿಗಳ ಬಾಯಿಂದ ಬಾಯಿಗೆ ಬಂದ ಒಂದೇ ಮಾತು: ಗಿಡ ನೆಟ್ಟ ಇಸವಿ, ಸಸಿಗಳ ಪಟ್ಟಿ, ನಗರದ ಮೊಹರು ಇರುವ ಸೀಸದ ಪೆಟ್ಟಿಗೆಯನ್ನು ಮೊದಲನೇ ಮಾಲಿ ಮಂಟಪದ ಉತ್ತರ ಮೂಲೆಯಿಂದ ಹೊಳೆಯತ್ತ ತಮ್ಮ ಕೈಯಲ್ಲೇ ಅಳೆದು, ಹನ್ನೆರಡು ಮೊಳ ದೂರದಲ್ಲಿ ಹೂತಿದ್ದಾರೆ. ಪುಟ್ಟಿ ಮೊಳಕ್ಕೆ ಒಂದೂವರೆ ಅಡಿಯಂತೆ ಹದಿನೆಂಟು ಅಡಿ ಅಳೆದು ಅಗೆಸಿದ್ದಳು. ಸಿಕ್ಕಿದ್ದು ಎರೆಹುಳು. ಮರದ ಬೇರುಗಳಿಗೆ ಪೆಟ್ಟಾಗುತ್ತದೆಂದು ಇನ್ನು ಒಂದೇ ಒಂದು ಗುಂಡಿಗೆ ಅನುಮತಿಯಿತ್ತು, ಅದೂ ಮರುದಿನ ಬೆಳಿಗ್ಗೆ, ವರದಿಗೆ ಮುಂಚೆ.

"ಅಳತೆ ಸರಿಯಾಗೇ ಇತ್ತು ಅಜ್ಜಿ. ಪೆಟ್ಟಿಗೆಯೇ ಸುಳ್ಳು" ಎಂದಳು.

ದೊಡ್ಡ ಮಾಲಿ ಗಹಗಹಿಸಿ ನಕ್ಕರು. "ಇಂಜಿನಿಯರಮ್ಮಾ, ಮೊಳ ಅಂದ್ರೆ ಮೊಣಕೈಯಿಂದ ಬೆರಳ ತುದಿ. ನೀನು ಅಳೆದದ್ದು ಯಾರ ಕೈಲಿ?"

"ಯಾರ ಕೈಲಿ ಅಂದ್ರೆ? ಪುಸ್ತಕದಲ್ಲಿ ಇರೋದು..."

"ಪುಸ್ತಕಕ್ಕೆ ಕೈ ಇದೆಯೇನಮ್ಮ?"

ದರ್ಜಿ ತೊಡೆ ತಟ್ಟಿಕೊಂಡು ನಕ್ಕ. ದೊಡ್ಡ ಮಾಲಿ ಕಲ್ಲುಬೆಂಚಿನ ಮೇಲೆ ಕಾಲು ಮಡಿಚಿ ಕುಳಿತರು. ನಾವು ನಾವಾಗಿಯೇ ಹತ್ತಿರ ಸರಿದೆವು.

"ಕೇಳ್ರಪ್ಪಾ... ಇದನ್ನ ಅರ್ಧ ಹೇಳೋ ಹೊತ್ತಿಗೇ ಜನ ಎದ್ದು ಹೋಗ್ತಾರೆ. ಇವತ್ತು ಮಳೆ ಹಿಡಿದು ಕೂರಿಸಿದೆ, ಎಲ್ಲಿಗೆ ಹೋಗ್ತೀರಿ? ಈ ಜಾಗ ಆಗ ಏನಾಗಿತ್ತು ಗೊತ್ತಾ? ಇಡೀ ಊರಿನ ಕಸದ ತಿಪ್ಪೆ! ಮೂಗು ಮುಚ್ಕೊಂಡು ಓಡಬೇಕು. ಅಂಥಾ ಕಡೆ ಮೊದಲನೇ ಮಾಲಿ ಬಂದ್ರು, ಹೊಳೆಯಿಂದ ಮೆಕ್ಕಲುಮಣ್ಣು ಬುಟ್ಟೀಲಿ ಹೊತ್ತು ಹೊತ್ತು ಹಾಕಿ, ಇನ್ನೂರ ಹನ್ನೆರಡು ಸಸಿ ನೆಟ್ಟು, ಒಂದೊಂದಕ್ಕೂ ಮಗೂಗೆ ಕುಡಿಸಿದ ಹಾಗೆ ನೀರು ಕುಡಿಸಿ... ಗಿರಣಿಯವರು, ದೋಣಿಯವರು, ಮನೇಲಿ ಗಾಳಿ ಬೆಳಕು ಇಲ್ಲದವರು, ಎಲ್ಲಾ ಭಾನುವಾರ ಇಲ್ಲಿ ಬಂದು ಕೂತು ವಾದ್ಯ ಕೇಳೋರು. ಪುಕ್ಕಟೆ ನೆರಳು ಸ್ವಾಮಿ! ಆ ಮನುಷ್ಯ ನೋಡೋಕೆ ಹೇಗಿದ್ರು ಅಂತೀರಿ? ನಮ್ಮ ನಿಮ್ಮ ಹಾಗೇ, ಐದೂವರೆ ಅಡಿ..."

ಕಂಬದ ಹತ್ತಿರ ಯಾರೋ ಕೆಮ್ಮಿದರು.

"ಸರಿ, ಸರಿ... ಆರೂವರೆ ಅಡಿ! ಕೈ ಚಾಚಿದ್ರೆ ಏಣಿ ಬೇಡ. ಆಮೇಲೆ ಒಂದು ವರ್ಷ ಪ್ರವಾಹ ಬಂತು. ಮಟಮಟ ಮಧ್ಯಾಹ್ನ, ಉದ್ಯಾನದ ತುಂಬಾ ಜನ, ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಏರ್ತಾ ಇದೆ, ಯಾರಿಗೂ ಗೊತ್ತಿಲ್ಲ. ಇವರು ಬಾಗಿಲ ಗಂಟೆ ಹಿಡಿದು ಬಾರಿಸಿದ್ರು ನೋಡಿ... ಢಣ ಢಣ ಢಣ... ಕೊನೇ ಮಗು ಗೇಟು ದಾಟೋ ತನಕ ಬಿಡಲಿಲ್ಲ. ಹೆಂಡತಿ ಊಟ ತಂದು ರಸ್ತೇಲಿ ನಿಂತಿದಾಳೆ, 'ಬನ್ನಿ, ಬನ್ನಿ' ಅಂತಾಳೆ. 'ಇರು, ಬಂದೆ' ಅಂದ್ರಂತೆ... ಗಂಟೆ ನಿಂತಿತು. ಅವರು ಬರಲಿಲ್ಲ. ಊಟ ಹಾಗೇ ಆರಿಹೋಯ್ತು."

ನಾನು ಇನ್ನಷ್ಟು ಹತ್ತಿರ ಸರಿದೆ. ಭಯಕ್ಕಲ್ಲ, ಎಷ್ಟೋ ವರ್ಷಗಳ ಮೇಲೆ ಕತೆಯ ಮುಂದೆ ಮಗುವಾಗಿ ಕುಳಿತ ಸಂಭ್ರಮಕ್ಕೆ.

"ನಾನು ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ. ಇಂಥದ್ದೇ ಹೊತ್ತು, ಇದೇ ಬೆಂಚು. ಡಬ್ಬಿ ಬಿಚ್ಚಿದೀನಿ, ಗೋಣಿಚೀಲ ತಲೆಗೆ ಹಾಕ್ಕೊಂಡು ಒಬ್ಬರು ಬಂದು ನಿಂತ್ರು. 'ಊಟ ಬಂತೇನಪ್ಪಾ?' ಅಂದ್ರು. ಪಾಪ, ಹಸಿದಿದಾರೆ ಅಂತ ಡಬ್ಬಿ ಸರಿಸಿದೆ. ಎಡಗೈನ ಮೊಣಕೈ ತನಕ ಬೆಂಚಿನ ಮೇಲೆ ಚಾಚಿಟ್ಕೊಂಡು, ಎಷ್ಟು ಅಚ್ಚುಕಟ್ಟಾಗಿ ಉಂಡ್ರು ಅಂತೀರಿ! ನಾನು ನೀರು ತರೋಕೆ ಹೋಗಿ ಬಂದೆ... ಯಾರೂ ಇಲ್ಲ. ಸುತ್ತ ಕೆಸರು, ಒಂದು ಹೆಜ್ಜೆ ಗುರುತಿಲ್ಲ. ಆದ್ರೆ ಬೆಂಚಿನ ಮೇಲೆ... ಮೊಣಕೈಯಿಂದ ಬೆರಳಿನ ತುದಿ ತನಕ, ಕೆಸರಿನ ಅಚ್ಚು! ನನ್ನ ಕೈ ಪಕ್ಕದಲ್ಲಿಟ್ಟು ನೋಡಿದೆ. ನಂದು ಮಗು ಕೈ ಥರ ಇತ್ತು."

ಪುಟ್ಟಿ ದಿಢೀರನೆ ಎದ್ದು ನಿಂತಳು. "ಅದೇ ಮೊಳ! ಎಷ್ಟಿತ್ತು ತಾತ? ಎಷ್ಟು ಇಂಚು?"

ದೊಡ್ಡ ಮಾಲಿ ತಲೆ ತಗ್ಗಿಸಿದರು. "ಅಳೀಲಿಲ್ಲ ಮಗಾ. ಬೆಂಚಿನ ಮೇಲೆ ಕೆಸರು ಕಂಡ್ರೆ ನಮ್ಮ ಮೇಲಿನವರು ಉಗಿಯೋರು. ಕೈ ತಾನಾಗೇ ಪೊರಕೆಗೆ ಹೋಯ್ತು. ತಿಕ್ಕಿ ತಿಕ್ಕಿ ತೊಳೆದುಬಿಟ್ಟೆ."

"ಅಯ್ಯೋ, ನಿಮ್ಮ ಶುಚಿತ್ವಕ್ಕಿಷ್ಟು!" ದರ್ಜಿ ಹಣೆ ಚಚ್ಚಿಕೊಂಡ.

"ಬಯ್ಯಿ, ಚೆನ್ನಾಗಿ ಬಯ್ಯಿ. ನಾನೇ ಐವತ್ತು ವರ್ಷದಿಂದ ಬಯ್ಕೊಂಡಿದೀನಿ. ಆಮೇಲೆ ಮಳೆ ಬಂದಾಗಲೆಲ್ಲ ಡಬ್ಬಿ ಚಾಚಿದೀನಿ. ಬರ್ತಾರೆ, ನಿಲ್ತಾರೆ, ತಗೊಳ್ಳಲ್ಲ. ಅಳಿಸಿದವನ ಕೈಯಿಂದ ಇನ್ನೊಂದ್ಸಲ ಯಾಕೆ ತಗೋತಾರೆ ಹೇಳಿ? ಬೇರೆಯವರು ಕೊಡಬೇಕು. ಆದರೆ ಬೇರೆಯವರು ನಂಬಬೇಕಲ್ಲ..."

"ಈಗಲೂ ಬರ್ತಾರಾ?" ಎಂದೆ.

"ತಾಯಿ, ಇಷ್ಟು ಹೊತ್ತು ಈ ಕತೇನ ನಿಮ್ಮ ಮೂವರಿಗೇ ಹೇಳಿದೆ ಅಂದ್ಕೊಂಡ್ರಾ? ನಾನು ಎತ್ತರ ತಪ್ಪು ಹೇಳಿದಾಗ ಕೆಮ್ಮಿದ್ದು ಯಾರು?"

ನಾವಿಬ್ಬರೂ ದರ್ಜಿಯ ಕಡೆ ನೋಡಿದೆವು. ಅವನು ಎರಡೂ ಕೈ ಅಲ್ಲಾಡಿಸಿದ. "ನಾನಲ್ಲ. ಅಮ್ಮನಾಣೆ ನಾನಲ್ಲ."

ಆಗ ಬಂತು ಆ ವಾಸನೆ. ಹೊಳೆಯ ಕೆಸರು, ಹುಲ್ಲು, ನೆನೆದ ಗೋಣಿಚೀಲ. ಉತ್ತರದ ಕಂಬದ ಹಿಂದಿನಿಂದಲೇ. ನಾನು ಈ ಸಲ ಇಣುಕಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ ಅನ್ನಿಸಿತು.

ಪುಟ್ಟಿ ನನ್ನ ಮಡಿಲಿನಿಂದ ಡಬ್ಬಿ ತೆಗೆದುಕೊಂಡಳು. ಬೆಳಿಗ್ಗೆ ಏಳರಿಂದ ಆ ಹುಡುಗಿ ಏನೂ ತಿಂದಿರಲಿಲ್ಲ. ಮೊದಲು ತನ್ನ ಸೆರಗಿನಂಚಿನಿಂದ ಬೆಂಚಿನ ಮೇಲಿನ ಹನಿಗಳನ್ನು ಒರೆಸಿದಳು, ಕೈ ಊರುವವರಿಗೆ ಒಣ ಜಾಗವಿರಲಿ ಎನ್ನುವಂತೆ. ದರ್ಜಿ ಕೊರಳಿನ ಟೇಪು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ದೊಡ್ಡ ಮಾಲಿ ತಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

ಕಂಬದ ಆಚೆಯಿಂದ, ನಾನು ನೋಡಿದ ಎಲ್ಲ ಕೈಗಳಿಗಿಂತ ಉದ್ದವಾದ ಒದ್ದೆ ಕೈಯೊಂದು ಮೆಲ್ಲನೆ ಚಾಚಿತು.

ಪುಟ್ಟಿ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಡಬ್ಬಿಯನ್ನು ಅದಕ್ಕೆ ಕೊಟ್ಟಳು.