ಗೊಂಬೆ ಅಂಗಡಿಯ ಗಿರಾಕಿಗಳ ಪಟ್ಟಿ

ಚನ್ನಪಟ್ಟಣದಲ್ಲಿ ರೈಲು ಹತ್ತಿದ ಭಾನುಪ್ರಿಯಳಿಗೆ ಎದುರು ಸೀಟಿನವರ ಗುರುತು ಸಿಕ್ಕಿತು. ಅವಳು ಮಗನಿಗೆ ಬುಗುರಿ ಕೊಂಡಿದ್ದ ಗೊಂಬೆ ಅಂಗಡಿಯ ಯಜಮಾನ ರಾಮಲಿಂಗಯ್ಯ, ಪಕ್ಕದಲ್ಲಿ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಲತಾಮಣಿ. ಮಾತು ಗಿರಾಕಿಗಳ ಪಟ್ಟಿಯದು. ಭಾನುಪ್ರಿಯಳ ಕಿವಿ ನೆಟ್ಟಗಾಯಿತು; ಮಗನ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಅವಳು ಅಲ್ಲಿ ಬರೆಸಿ ಬಂದಿದ್ದಳು.

“ಸೈಟ್ ಮಾರೋ ನಟರಾಜು ನಮ್ಮ ಗಿರಾಕಿಗಳ ಪಟ್ಟಿ ಕೇಳ್ತಾವ್ನೆ. ಕೊಟ್ಬುಡವ್ವ, ನಮಗೆ ಬೇಕಾದೋನು.”

“ಮಕ್ಕಳ ಹುಟ್ಟಿದಬ್ಬಕ್ಕೆ ಶುಭಾಶಯ ಕಳಿಸ್ತೀವಿ ಅಂತೇಳಿ ಬರೆಸ್ಕೊಂಡಿದ್ದು, ಯಜಮಾನ್ರೇ. ಸೈಟ್ ಮಾರಾಕಲ್ಲ.”

“ಬರೀ ಫೋನ್ ನಂಬರು. ಅದ್ರಾಗೇನೈತೆ?”

“ಮಕ್ಕಳ ಹೆಸ್ರೈತೆ, ಮನೆ ವಿಳಾಸ ಐತೆ. ನಿಮ್ಮ ಮೊಮ್ಮಗಳದ್ದೂ ಐತೆ.”

“ಅಯ್ಯೋ, ಅವಳದ್ದು ತೆಗೆದ್ಬುಡು!”

“ಮಿಕ್ಕ ಮಕ್ಕಳಿಗೂ ತಾತಂದಿರು ಅವ್ರೆ ಅಲ್ವಾ?”

ರಾಮಲಿಂಗಯ್ಯ ಹೊಟ್ಟೆ ಕುಲುಕುವಂತೆ ನಕ್ಕು ಫೋನ್ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಬಿಡದಿ ಬಂತು. ಇಬ್ಬರೂ ಎದ್ದರು. ರಾಮಲಿಂಗಯ್ಯ ಬಾಗಿಲ ಬಳಿ ನಿಂತು ಫೋನಿನಲ್ಲಿ ಕೂಗಿದ್ದನ್ನು ಕೇಳಿ ಭಾನುಪ್ರಿಯಳ ಮನಸ್ಸು ಹಗುರಾಯಿತು.

“ಲೇ ನಟರಾಜು, ಪಟ್ಟಿಗಿಟ್ಟಿ ಕೊಡಾಕಿಲ್ಲ ಕಣ್ಲಾ! ಗೊಂಬೆ ಬೇಕಾದ್ರೆ ಬಾ, ಎಷ್ಟಾದ್ರೂ ಕೊಡ್ತೀನಿ.”