ಮೂರು ಇಂಚಿನ ದವಡೆ

ಮೀನಂತೆ! ಎಪ್ಪತ್ತನಾಲ್ಕನೇ ಇಸವಿಯಿಂದ ಈ ಪ್ರೊಫೆಸರ್ ವಿಷ್ಣುಮೂರ್ತಿಯ ಹಾರುವ ಸರೀಸೃಪ ಅಂತ ಪುಸ್ತಕಗಳಲ್ಲಿ ಬಂದದ್ದು, ಈಗ ಹನ್ನೊಂದು ವರ್ಷದ ಮೇಲೆ ಬರೀ ಮೀನಂತೆ! ಆ ಜರ್ಮನಿಯ ವಿಜ್ಞಾನಿಯ ಕಾಗದ ಓದಿದೆಯಲ್ಲ, ಗ್ಲ್ಯಾಡಿಸ್? ಫೋಟೋ ನೋಡಿ ಹೇಳುತ್ತಾನೆ ಮಾರಾಯ್ತಿ, ಬರೀ ಫೋಟೋ!

ಎಂತ ಹಾಗೆ ನೋಡುವುದು? ಕೂತುಕೋ.

ಗೋದಾವರಿ ಕಡೆಯ ಕಲ್ಲಿನಲ್ಲಿ ಪಳೆಯುಳಿಕೆಯಾಗಿ ಸಿಕ್ಕಿದ ತುಂಡು ದವಡೆ, ನಾಲ್ಕೇ ನಾಲ್ಕು ಹಲ್ಲು. ಅಷ್ಟರಿಂದ ಇಡೀ ಪ್ರಾಣಿಯನ್ನು ಕಂಡವನು ನಾನು! ನೀನು ಆಗ ನನ್ನ ಲ್ಯಾಬಿನಲ್ಲಿ ಚಿತ್ರ ಬಿಡಿಸುತ್ತಿದ್ದ ಹುಡುಗಿ. ಎಂತ ಅಂದಿದ್ದೆ, ನೆನಪುಂಟಾ? "ಸರ್, ಕಾಪುವಿನ ನಮ್ಮ ಮನೆಯಲ್ಲಿ ಅಂಜಲ್ ಮೀನಿನ ತಲೆ ಬಿಡಿಸುವಾಗ ದವಡೆಯ ಕೀಲು ಹೀಗೆಯೇ ಇರುತ್ತದೆ." ಹ್ಹ! ಅಡುಗೆಮನೆಯ ವಿಜ್ಞಾನ!

ನಾನು ಜನ್ಮದಲ್ಲಿ ಮೀನು ಮುಟ್ಟಿದವನಲ್ಲ. ಮುಟ್ಟದೆಯೇ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದೆ. ಕೊಯ್ಯಲು ಅಟೆಂಡರ್ ಜೋಕಿಮ್ ಇದ್ದ, ನಾನು ದೂರ ನಿಂತು ಕೋಲಿನಲ್ಲಿ ತೋರಿಸಿದರೆ ಮುಗಿಯಿತು... ನಗು ಬಂತಾ? ನಗು, ನಗು!

ಇರಲಿ. ಅವನಿಗೆ ಈಗ ತುಂಡನ್ನೇ ನೋಡಬೇಕಂತೆ. ಕಳಿಸುವ! ಜೊತೆಗೆ ನಿನ್ನ ಹೆಸರಿನಲ್ಲಿ ನಾನು ಬರೆದಿಟ್ಟ ಈ ಕಾಗದ. "ಸಿಕ್ಕಿದಾಗಲೇ ಎರಡು ಇಂಚು ಇತ್ತು, ಅಳೆದು ಚಿತ್ರ ಬಿಡಿಸಿದವಳು ನಾನು..." ಅಷ್ಟೇ. ಕೆಳಗೆ ನಿನ್ನ ಸಹಿ. ಕಾರ್ಕಳದಲ್ಲಿ ಲೆಕ್ಚರರ್ ಆದೆಯಲ್ಲ, ಶಿಫಾರಸು ಬರೆದವರು ಯಾರು? ಪೆನ್ನು ತಗೋ.

ತಗೋ ಅಂದೆ.

ಎಂತ ಯೋಚನೆ? ಎರಡು ಇಂಚಾದರೆ ಎಂತ, ಮೂರಾದರೆ ಎಂತ...

ನೀನು ಮೂರು ಅನ್ನಲೇ ಇಲ್ಲ, ಅಲ್ವಾ?

ಪೆನ್ನು ಯಾಕೆ ಈಚೆ ದೂಡುತ್ತಿ? ಬೈಯುವುದಾದರೆ ಬೈದುಬಿಡು...

ಹೌದು. ನೀನು ಆ ಕೀಲಿನ ಮಾತು ಹೇಳಿದ ಮರುದಿನವೇ ಹೋದೆ. ಉಡುಪಿಯಲ್ಲಿ ಯಾರಾದರೂ ಕಂಡಾರು ಅಂತ ಬಸ್ಸು ಹತ್ತಿ ಪಡುಬಿದ್ರಿಗೆ. ಅಂಜಲಿನ ತಲೆ ಕೊಂಡೆ... ನಾನು! ಲ್ಯಾಬಿನ ಬಾಗಿಲು ಹಾಕಿ ಸ್ಟವ್ವಿನ ಮೇಲೆ ಬೇಯಿಸಿ, ಈ ಕೈಯಲ್ಲೇ ಮಾಂಸ ಬಿಡಿಸಿದೆ. ಪಕ್ಕದಲ್ಲಿಟ್ಟು ನೋಡಿದೆ. ಅದೇ ಕೀಲು. ಆಮೇಲೆ ಅರ ತಗೊಂಡು ನಮ್ಮ ತುಂಡಿನಲ್ಲಿ ಕೀಲು ಇದ್ದ ಆ ಒಂದು ಇಂಚನ್ನು ಉಜ್ಜಿ ಹಾಕಿದೆ.

ಬೇರೆ ಯಾರಾದರೂ ಹೇಳಿದ್ದರೆ ಅವತ್ತೇ ಒಪ್ಪಿಕೊಳ್ಳುತ್ತಿದ್ದೆ, ಗ್ಲ್ಯಾಡಿಸ್.